ಕಾಲೇಜು ಕಟ್ಟಡದ ಮೀಟರು ಹೇಳಿದ ಕಥೆ

ತಿಂಗಳಿಗೊಮ್ಮೆ ಮೀಟರು ಓದುವಾತ ನಿಮ್ಮ ಮನೆಯ ಬಾಗಿಲಿಗೆ ಬರುತ್ತಾನೆ. ಕೈಯಲ್ಲಿರುವ ಯಂತ್ರಕ್ಕೆ ಅಂಕಿಗಳನ್ನು ಒತ್ತಿ, ಅದರಿಂದ ಹೊರಬಂದ ಉದ್ದನೆಯ ಚೀಟಿಯನ್ನು ಹರಿದು, ಕಿಟಕಿಯ ಸರಳಿಗೆ ಸಿಕ್ಕಿಸಿ ಮುಂದಿನ ಮನೆಗೆ ಹೋಗುತ್ತಾನೆ. ಆ ಚೀಟಿಯಲ್ಲಿ ನಾವು ಹುಡುಕುವುದು ಸಾಮಾನ್ಯವಾಗಿ ಒಂದೇ ಸಂಗತಿಯನ್ನು: ಕಟ್ಟಬೇಕಾದ ಹಣವೆಷ್ಟು? ಎಷ್ಟು ಯೂನಿಟ್ಟು ಖರ್ಚಾಯಿತೆಂಬುದನ್ನು ಕೆಲವರು ನೋಡುತ್ತಾರೆ. ಅದರಲ್ಲಿ ಗೀಸರಿಗೆ ಹೋದದ್ದೆಷ್ಟು, ಫ್ರಿಜ್ಜಿಗೆ ಹೋದದ್ದೆಷ್ಟು, ಇದಕ್ಕಾಗಿ ದೂರದಲ್ಲಿ ಎಲ್ಲೋ ಉರಿದ ಕಲ್ಲಿದ್ದಲು ಎಷ್ಟು ಎಂಬುದನ್ನು ಚೀಟಿ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಒಂದು ಮನೆಯ ಮಟ್ಟಿಗೆ ಈ ಔದಾಸೀನ್ಯ ನಡೆದುಹೋಗಬಹುದು. ಆದರೆ ನೂರಾರು ವಿದ್ಯಾರ್ಥಿಗಳು ಓಡಾಡುವ ಒಂದು ಕಾಲೇಜು ಕಟ್ಟಡವನ್ನು ಯೋಚಿಸಿ. ಇತ್ತೀಚಿನ ವರ್ಷಗಳಲ್ಲಿ ಇಂಥ ಹಲವು ಕಟ್ಟಡಗಳ ಬಾಗಿಲಲ್ಲಿ 'ಇದು ಹಸುರು ಕಟ್ಟಡ' ಎಂಬ ಫಲಕವನ್ನು ನೀವು ನೋಡಿರುತ್ತೀರಿ. ಮಾಳಿಗೆಯ ಮೇಲೆ ಸೌರಫಲಕಗಳು, ಗೋಡೆಗೆ ಹಬ್ಬಿದ ಬಳ್ಳಿ, ಮಳೆಯ ನೀರಿನ ತೊಟ್ಟಿ, ಎಲ್ಲವೂ ಇರುತ್ತವೆ. ಅದು ನಿಜವಾಗಿಯೂ ಕಡಮೆ ಶಕ್ತಿಯನ್ನು ಬಳಸುತ್ತದೆಯೆ? ಕಡಮೆ ಹೊಗೆಗೆ ಕಾರಣವಾಗುತ್ತದೆಯೆ? ಇದನ್ನು ಅರಿಯುವ ಬಗೆ ಯಾವುದು?

ಈ ಪ್ರಶ್ನೆಗೆ ಅಮೆರಿಕದ ಒಂದು ಸಣ್ಣ ಊರಿನಲ್ಲಿ, ಒಂದೇ ಕಾಲೇಜಿನ ಇಬ್ಬರು ಪ್ರಾಧ್ಯಾಪಕರ ನಡುವೆ, ವರ್ಷಗಟ್ಟಲೆ ವಾದ ನಡೆಯಿತು. ಕಟ್ಟಡದ ಲೆಕ್ಕ ಹಾಕುವುದು ಹೇಗೆಂಬುದನ್ನು ಆ ವಾದದಿಂದ ಕಲಿಯುವಷ್ಟು ಚೆನ್ನಾಗಿ ಯಾವ ಕೈಪಿಡಿಯಿಂದಲೂ ಕಲಿಯಲಾರೆವೆಂದು ನನಗನ್ನಿಸಿದೆ. ಆದುದರಿಂದ ಅದನ್ನೇ ನಿಮ್ಮ ಮುಂದಿಡುತ್ತೇನೆ.

ಊರಿನ ಹೆಸರು ಓಬರ್ಲಿನ್. ಓಹಾಯೊ ರಾಜ್ಯದಲ್ಲಿ, ಕ್ಲೀವ್‌ಲೆಂಡ್ ನಗರದ ನೈರುತ್ಯಕ್ಕೆ, ಈರಿ ಸರೋವರದಿಂದ ಹೆಚ್ಚು ದೂರವಿಲ್ಲದ ಸ್ಥಳ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ತಿಂಗಳುಗಟ್ಟಲೆ ಆಕಾಶಕ್ಕೆ ಮೋಡದ ಮುಸುಕು. ಅಲ್ಲಿಯ ಕಾಲೇಜು 1833ರಲ್ಲಿ ಸ್ಥಾಪನೆಯಾದದ್ದು. ಕರಿಯ ಜನಾಂಗದ ವಿದ್ಯಾರ್ಥಿಗಳಿಗೂ ಹೆಂಗಸರಿಗೂ 1830ರ ದಶಕದಲ್ಲಿಯೇ ಬಾಗಿಲು ತೆರೆದ ಹೆಮ್ಮೆ ಅದಕ್ಕಿದೆ. ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಅದೇ ಕಾಲೇಜಿನಲ್ಲಿ ಓದಿ 1885ರಲ್ಲಿ ಪದವಿ ಪಡೆದ ಚಾರ್ಲ್ಸ್ ಮಾರ್ಟಿನ್ ಹಾಲ್ ಎಂಬ ತರುಣ, ಮರುವರ್ಷ ತನ್ನ ಮನೆಯ ಸೌದೆಯ ಕೊಟ್ಟಿಗೆಯಲ್ಲಿ, ವಿದ್ಯುತ್ತನ್ನು ಹರಿಸಿ ಅಲ್ಯೂಮಿನಿಯಂ ಲೋಹವನ್ನು ಬೇರ್ಪಡಿಸುವ ವಿಧಾನವನ್ನು ಕಂಡುಹಿಡಿದ. ನಿಮ್ಮ ಅಡಿಗೆಮನೆಯ ಪಾತ್ರೆಯ ಮೂಲಪುರುಷರಲ್ಲಿ ಅವನೊಬ್ಬ.

1990ರಲ್ಲಿ ಈ ಕಾಲೇಜಿಗೆ ಡೇವಿಡ್ ಆರ್ ಎಂಬ ಪ್ರಾಧ್ಯಾಪಕರು ಪರಿಸರ ಅಧ್ಯಯನವನ್ನು ಕಲಿಸಲು ಬಂದರು. ಅವರದು ಒಂದು ನಂಬಿಕೆ: ಕಟ್ಟಡವೂ ಪಾಠ ಹೇಳುತ್ತದೆ. ಶಕ್ತಿಯನ್ನು ಪೋಲುಮಾಡುವ ಕಟ್ಟಡದೊಳಗೆ ಕುಳಿತು ಮಿತವ್ಯಯದ ಪಾಠ ಕೇಳಿದ ಹುಡುಗ ನಿಜವಾಗಿ ಕಲಿಯುವುದು ಪೋಲುಮಾಡುವುದನ್ನೇ. ಆದ್ದರಿಂದ ತನ್ನ ಶಕ್ತಿಯನ್ನು ತಾನೇ ಸಂಪಾದಿಸಿಕೊಳ್ಳುವ, ಕಾಲಕ್ರಮದಲ್ಲಿ ಬಳಸಿದ್ದಕ್ಕಿಂತ ಹೆಚ್ಚನ್ನು ಹೊರಗೆ ಕೊಡುವ ಒಂದು ಕಟ್ಟಡ ಬೇಕೆಂದು ಅವರು ಹಣ ಕೂಡಿಸಿದರು. ವಿಲಿಯಂ ಮ್ಯಾಕ್‌ಡೊನೊ ಎಂಬ ಹೆಸರಾಂತ ವಾಸ್ತುಶಿಲ್ಪಿ ನಕ್ಷೆ ಬರೆದರು. 2000ದ ಜನವರಿಯಲ್ಲಿ ಕಟ್ಟಡ ಬಾಗಿಲು ತೆರೆಯಿತು. ಆಡಮ್ ಜೋಸೆಫ್ ಲೂಯಿಸ್ ಕೇಂದ್ರವೆಂದು ಅದರ ಹೆಸರು.

ಎರಡು ಅಂತಸ್ತು, 13,600 ಚದರ ಅಡಿ. ನಮ್ಮ ಕಡೆಯ ಒಂದು ಮಧ್ಯಮ ಗಾತ್ರದ ಕಲ್ಯಾಣಮಂಟಪದಷ್ಟು ಎನ್ನಿ. ಚಳಿಗಾಲದ ಬಿಸಿಲು ಒಳಕ್ಕೆ ಬರಲೆಂದು ತೆಂಕಣ ದಿಕ್ಕಿಗೆ ಎತ್ತರದ ಗಾಜಿನ ಅಂಗಳ. ಪಾಯಖಾನೆಯ ನೀರನ್ನು ಗಿಡಗಳ ಬೇರುಗಳಿಂದಲೇ ಶುದ್ಧಿಮಾಡುವ ಒಂದು ಹಸುರುಮನೆ. ಕೊಠಡಿಗಳನ್ನು ಬೆಚ್ಚಗಿಡಲು ನೆಲದೊಳಕ್ಕೆ ಕೊರೆದ 24 ಕೊಳವೆಬಾವಿಗಳಿಗೆ ಜೋಡಿಸಿದ ಉಷ್ಣ ಪಂಪುಗಳು. ಅದೇ ವರ್ಷದ ನವೆಂಬರಿನಲ್ಲಿ ಬಾಗಿದ ಮಾಳಿಗೆಯ ಮೇಲೆ ಸುಮಾರು 60 ಕಿಲೋವಾಟ್ ಸಾಮರ್ಥ್ಯದ ಸೌರಫಲಕಗಳು ಬಂದವು. ಕಟ್ಟಡದೊಳಗೆ ಅನಿಲವಿಲ್ಲ, ಎಣ್ಣೆಯಿಲ್ಲ. ಬೆಳಕು, ಗಾಳಿ, ಶಾಖ ಎಲ್ಲಕ್ಕೂ ವಿದ್ಯುತ್ತೇ. ಹೊಗೆಕೊಳವೆಯೇ ಇಲ್ಲದ ಕಟ್ಟಡ. ಪತ್ರಿಕೆಗಳು ಕೊಂಡಾಡಿದವು, ಬಹುಮಾನಗಳು ಬಂದವು.

ಆಗ ಅದೇ ಕಾಲೇಜಿನ ಭೌತವಿಜ್ಞಾನದ ಪ್ರಾಧ್ಯಾಪಕ ಜಾನ್ ಸ್ಕೋಫೀಲ್ಡ್ ಒಂದು ಸರಳ ಕೆಲಸ ಮಾಡಿದರು. ಮೀಟರನ್ನು ಓದಿದರು.

ತಿಂಗಳ ಮೇಲೆ ತಿಂಗಳು ಅಂಕಿಗಳನ್ನು ಬರೆದಿಟ್ಟು ಕೂಡಿಸಿ ನೋಡಿದರೆ, ಕಟ್ಟಡ ನುಂಗುತ್ತಿದ್ದ ವಿದ್ಯುತ್ತು ನಕ್ಷೆಯ ಕಾಲದ ಅಂದಾಜಿಗಿಂತ ಬಹಳ ಹೆಚ್ಚಾಗಿತ್ತು. ಮುಖ್ಯ ಕಳ್ಳನೂ ಸಿಕ್ಕಿದ: ಉಷ್ಣ ಪಂಪುಗಳ ಬೆಂಬಲಕ್ಕೆಂದು ಇಟ್ಟಿದ್ದ ಒಂದು ವಿದ್ಯುತ್ ಬಾಯ್ಲರು. ನಮ್ಮ ಬಚ್ಚಲಮನೆಯ ಗೀಸರಿನ ದೊಡ್ಡಣ್ಣ ಅದು. ತೀರ ಚಳಿಯಾದಾಗ ಮಾತ್ರ ಬೇಕಾದೀತೆಂದುಕೊಂಡಿದ್ದ ಬಾಯ್ಲರು ಚಳಿಗಾಲದಲ್ಲೆಲ್ಲ ದುಡಿಯುತ್ತಿತ್ತು. ಸ್ಕೋಫೀಲ್ಡರು ಇದನ್ನೆಲ್ಲ 2002ರಲ್ಲಿ ಅಮೆರಿಕದ ಶೀತಲೀಕರಣ ಮತ್ತು ಹವಾನಿಯಂತ್ರಣ ಇಂಜಿನಿಯರರ ಸಂಘದ ಸಂಪುಟದಲ್ಲಿ ಪ್ರಕಟಿಸಿದರು. ಮೆಚ್ಚುಗೆಯ ನಡುವೆ ಅಪಸ್ವರವೆದ್ದಂತಾಯಿತು. ಹೊಸ ಕಟ್ಟಡಕ್ಕೆ ಹೊಂದಿಕೊಳ್ಳಲು ಒಂದೆರಡು ವರ್ಷ ಬೇಕು, ಮಗುವಿನ ಮೊದಲ ಹೆಜ್ಜೆಯನ್ನು ನೋಡಿ ಕುಂಟನೆನ್ನಬಾರದು ಎಂಬ ಅರ್ಥದ ಉತ್ತರಗಳು ಬಂದವು. ಅದರಲ್ಲಿಯೂ ಸತ್ಯವಿತ್ತು. ಆದರೆ ಒಂದು ಮಾತು ಉಳಿಯಿತು: ಬಹುಮಾನ ಬಂದದ್ದು ನಕ್ಷೆಗೆ, ಬಿಲ್ಲು ಬಂದದ್ದು ಕಟ್ಟಡಕ್ಕೆ.

ಇಲ್ಲಿ ನೀವು ಕೇಳಬಹುದು: ಬಾಯ್ಲರೂ ವಿದ್ಯುತ್ತಿನಿಂದಲೇ ನಡೆಯುತ್ತದೆ, ಉಷ್ಣ ಪಂಪೂ ವಿದ್ಯುತ್ತಿನಿಂದಲೇ ನಡೆಯುತ್ತದೆ, ಹೊಗೆಯಂತೂ ಎರಡರಲ್ಲಿಯೂ ಇಲ್ಲ, ಹಾಗಾದರೆ ಯಾವುದಾದರೇನು? ವಿಷಯದ ತಿರುಳು ಇಲ್ಲಿಯೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಕಲ್ಲಿದ್ದಲನ್ನು ಉರಿಸಿ ನೀರನ್ನು ಹಬೆಮಾಡಿ, ಆ ಹಬೆಯಿಂದ ಚಕ್ರ ತಿರುಗಿಸಿ ವಿದ್ಯುತ್ತನ್ನು ಪಡೆಯುವಾಗ ಮೂರು ಪಾಲು ಶಾಖ ಕೊಟ್ಟರೆ ಸುಮಾರು ಒಂದು ಪಾಲು ವಿದ್ಯುತ್ತು ಸಿಗುತ್ತದೆ. ಮಿಕ್ಕ ಎರಡು ಪಾಲು ತಣಿಸುವ ಗೋಪುರಗಳ ಮೂಲಕವೋ ನದಿಯ ನೀರಿನ ಮೂಲಕವೋ ಹೊರಗೆ ಹೋಗುತ್ತದೆ. ಇದು ಯಾರ ಅಜಾಗರೂಕತೆಯೂ ಅಲ್ಲ. ಹಬೆಯ ಯಂತ್ರದ ಸ್ವಭಾವ. ಹೀಗೆ ಮೂರಕ್ಕೊಂದರಂತೆ ಕಷ್ಟಪಟ್ಟು ಪಡೆದ ವಿದ್ಯುತ್ತನ್ನು ತಂತಿಯಲ್ಲಿ ತಂದು, ಬಾಯ್ಲರಿನ ಸುರುಳಿಯಲ್ಲಿ ಹರಿಸಿ ಮತ್ತೆ ಶಾಖ ಮಾಡಿದರೆ, ಒಂದು ಯೂನಿಟ್ಟಿನ ಶಾಖಕ್ಕೆ ಮೂರು ಯೂನಿಟ್ಟಿನ ಕಲ್ಲಿದ್ದಲು ಉರಿದಂತಾಯಿತು. ತುಪ್ಪವನ್ನು ಕಾಯಿಸಿ ದೀಪ ಹಚ್ಚಿ ಆ ದೀಪದಲ್ಲಿ ಚಳಿ ಕಾಯಿಸಿಕೊಂಡ ಹಾಗೆ.

ಉಷ್ಣ ಪಂಪಿನ ರೀತಿಯೇ ಬೇರೆ. ನಿಮ್ಮ ಫ್ರಿಜ್ಜಿನ ಹಿಂಭಾಗವನ್ನು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗಿನ ಶಾಖವನ್ನು ಎತ್ತಿ ಹೊರಗೆ ಸುರಿಯುವುದೇ ಅದರ ಕೆಲಸ. ಉಷ್ಣ ಪಂಪು ಅದನ್ನೇ ತಿರುಗುಮುರುಗಾಗಿ ಮಾಡುತ್ತದೆ: ನೆಲದ ಆಳದಲ್ಲಿ ವರ್ಷವಿಡೀ ಹೆಚ್ಚು ಏರಿಳಿಯದೆ ನಿಂತಿರುವ ಶಾಖವನ್ನು ಎತ್ತಿ ಕೊಠಡಿಗೆ ತರುತ್ತದೆ. ಶಾಖವನ್ನು ಹುಟ್ಟಿಸಬೇಕಾಗಿಲ್ಲ, ಸಾಗಿಸಿದರೆ ಸಾಕು. ಆದ್ದರಿಂದ ಒಂದು ಯೂನಿಟ್ಟು ವಿದ್ಯುತ್ತಿಗೆ ಮೂರು ಯೂನಿಟ್ಟಿನಷ್ಟು ಶಾಖ ಸಿಗಬಹುದು. ವಿದ್ಯುದಾಗಾರದಲ್ಲಿ ಕಳೆದುಕೊಂಡದ್ದನ್ನು ಇಲ್ಲಿ ಮರಳಿ ಗಳಿಸಿದಂತಾಯಿತು.

ಈಗ ಹೊಗೆಯ ಲೆಕ್ಕ. ಹೊಗೆಯೆಂದು ನಾನು ಹೇಳುತ್ತಿರುವುದು ಕಣ್ಣಿಗೆ ಕಾಣದ ಇಂಗಾಲಾಮ್ಲ ವಾಯುವನ್ನು. ಈಗಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎನ್ನುತ್ತವೆ. ಭೂಮಿಯ ಮೈ ಬಿಸಿಯಾಗುತ್ತಿರುವುದಕ್ಕೆ ಮುಖ್ಯ ಕಾರಣ ಅದೇ. ಕಲ್ಲಿದ್ದಲಿನಿಂದ ಬಂದ ಒಂದು ಯೂನಿಟ್ಟು ವಿದ್ಯುತ್ತಿನ ಹಿಂದೆ ಸುಮಾರು ಒಂದು ಕಿಲೋಗ್ರಾಂ ಇಂಗಾಲಾಮ್ಲವಿರುತ್ತದೆ. ಆ ವರ್ಷಗಳಲ್ಲಿ ಓಹಾಯೊ ರಾಜ್ಯದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದೇ. ಆದ್ದರಿಂದ ಒಂದು ಯೂನಿಟ್ಟಿನ ಶಾಖ ಬೇಕಾದಾಗ ವಿದ್ಯುತ್ ಬಾಯ್ಲರು ಒಂದು ಕಿಲೋಗ್ರಾಮಿಗೆ ಕಾರಣವಾಗುತ್ತಿತ್ತು. ಉಷ್ಣ ಪಂಪು ಅದರ ಮೂರನೆಯ ಒಂದಕ್ಕೆ. ಇನ್ನು ನೆಲಮಾಳಿಗೆಯಲ್ಲಿ ನೈಸರ್ಗಿಕ ಅನಿಲವನ್ನು ನೇರವಾಗಿ ಉರಿಸುವ ಹಳೆಯ ಮಾದರಿಯ ಒಲೆಯೊಂದಿದ್ದಿದ್ದರೆ? ಸುಮಾರು ಕಾಲು ಕಿಲೋಗ್ರಾಮಿಗೂ ಕಡಮೆ! ಹೊಗೆಕೊಳವೆಯಿದ್ದ ಕಟ್ಟಡ ಹೊಗೆಕೊಳವೆಯಿಲ್ಲದ ಕಟ್ಟಡಕ್ಕಿಂತ ಕಡಮೆ ಹೊಗೆಗೆ ಕಾರಣವಾಗಬಹುದಿತ್ತೆಂಬ ವಿಚಿತ್ರ ಸ್ಥಿತಿ ಅದು. ಕೊಳವೆಯಿರಲಿಲ್ಲವೆಂದಲ್ಲ, ಅದು ಎಷ್ಟೋ ಮೈಲಿ ಆಚೆ, ಬೇರೊಬ್ಬರ ಊರಿನ ನೆತ್ತಿಯ ಮೇಲಿತ್ತು.

ಕಟ್ಟಡದ ಶಕ್ತಿಯನ್ನು ಲೆಕ್ಕಹಾಕುವವರು ಮೊಟ್ಟಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ: ಗೆರೆಯನ್ನು ಎಲ್ಲಿ ಎಳೆಯಬೇಕು? ಮೀಟರಿನ ಹತ್ತಿರವೋ, ವಿದ್ಯುದಾಗಾರದ ಹಗೇವಿನ ಹತ್ತಿರವೋ? ಮೀಟರಿನ ಹತ್ತಿರ ಎಳೆದರೆ ಎಲ್ಲ ವಿದ್ಯುತ್ತಿನ ಕಟ್ಟಡ ಸೊಗಸಾಗಿ ಕಾಣುತ್ತದೆ. ಸ್ಕೋಫೀಲ್ಡರ ತಕರಾರಿನ ಬಹುಭಾಗ ಗೆರೆಯ ಈ ಜಾಗದ ಬಗ್ಗೆಯೇ ಇತ್ತು, ಮತ್ತು ಅವರು ಹೇಳಿದ್ದು ಸರಿಯೆಂದೇ ನನ್ನ ಎಣಿಕೆ.

ಹಾಗೆಂದು ಈ ಅಂಕಿಗಳು ಕಲ್ಲಿನ ಮೇಲೆ ಕೊರೆದವೂ ಅಲ್ಲ. ಓಹಾಯೊದಲ್ಲಿ ಕಳೆದ ಒಂದೂವರೆ ದಶಕದಲ್ಲಿ ಕಲ್ಲಿದ್ದಲಿನ ಪಾಲು ಬಹಳವಾಗಿ ಇಳಿದಿದೆ, ಅನಿಲ ಆ ಸ್ಥಾನಕ್ಕೆ ಬಂದಿದೆ. ತಂತಿಯಾಚೆ ಇಂಧನ ಬದಲಾದರೆ ಕಟ್ಟಡದ ಒಂದು ಮೊಳೆಯನ್ನೂ ಅಲುಗಿಸದೆ ಅದರ ಹೊಗೆ ಬದಲಾಗುತ್ತದೆ. ಅನಿಲದ ಒಲೆಗೆ ಆ ಭಾಗ್ಯವಿಲ್ಲ. ಇಂದು ಎಷ್ಟು ಹೊಗೆಯೋ ಮೂವತ್ತು ವರ್ಷದ ನಂತರವೂ ಅಷ್ಟೇ. ಉಷ್ಣ ಪಂಪನ್ನು ಆರಿಸಿದ ಆರ್ ಅವರ ದೂರದೃಷ್ಟಿಯನ್ನು ಇಲ್ಲಿ ಒಪ್ಪಬೇಕಾಗುತ್ತದೆ.

ನಮ್ಮ ನಾಡಿನ ಮಾತಿಗೆ ಬಂದರೆ, ತಂತಿಯಾಚೆಯ ಕಥೆ ಎಷ್ಟು ಬದಲಾಗಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಆ ದೀಪದ ಹಿಂದೆ ಕಲ್ಲಿದ್ದಲಿರಲಿಲ್ಲ, ಬರಿಯ ನೀರು. ಶರಾವತಿಯ ಕಾಲದಲ್ಲಿಯೂ ನಾವು ನೀರಿನವರೇ. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಕೆಲಸ ಆರಂಭಿಸಿತು. 2018ರಿಂದ ಪಾವಗಡದ ಬಯಲಿನ ಬಿಸಿಲೂ ತಂತಿಗೆ ಸೇರುತ್ತಿದೆ. ಇಂದು ಇಡೀ ದೇಶದ ವಿದ್ಯುತ್ ಜಾಲ ಒಂದೇ ಆಗಿರುವುದರಿಂದ ಕೇಂದ್ರ ವಿದ್ಯುತ್ ಪ್ರಾಧಿಕಾರ ವರ್ಷವರ್ಷವೂ ಒಂದು ಸರಾಸರಿಯನ್ನು ಪ್ರಕಟಿಸುತ್ತದೆ. ಅದರ ಪ್ರಕಾರ ಇತ್ತೀಚಿನ ವರ್ಷಗಳಲ್ಲಿ ಭಾರತದ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲಾಮ್ಲ. ನಿಮ್ಮ ಚೀಟಿಯಲ್ಲಿ 150 ಯೂನಿಟ್ಟು ಎಂದಿದ್ದರೆ ಆ ತಿಂಗಳು ನಿಮ್ಮ ಪಾಲಿನದು 105 ಕಿಲೋಗ್ರಾಂ, ಒಂದು ಕ್ವಿಂಟಲಿಗಿಂತ ತುಸು ಹೆಚ್ಚು.

ಓಬರ್ಲಿನ್ನಿಗೆ ಮರಳೋಣ. ಕೊಲೊರಾಡೊದ ರಾಷ್ಟ್ರೀಯ ನವೀಕರಣೀಯ ಶಕ್ತಿ ಪ್ರಯೋಗಾಲಯದವರು ಬಂದು ಕಟ್ಟಡದ ಒಳಗೆಲ್ಲ ಅಳತೆಯ ಉಪಕರಣಗಳನ್ನಿಟ್ಟು, 2004ರಲ್ಲಿ ದೀರ್ಘವಾದ ವರದಿ ಕೊಟ್ಟರು. ದೀಪಗಳಿಗೆಷ್ಟು, ಗಾಳಿಯ ಯಂತ್ರಗಳಿಗೆಷ್ಟು, ಬಿಸಿಗೆಷ್ಟು, ಗಿಡಗಳ ಶುದ್ಧೀಕರಣಕ್ಕೆಷ್ಟು ಎಂದು ಬಿಡಿಬಿಡಿಯಾದ ಲೆಕ್ಕ. ಬಾಯ್ಲರಿನ ದುಡಿಮೆಗೆ ಕಡಿವಾಣ ಬಿತ್ತು. ಯಂತ್ರಗಳು ಯಾವಾಗ ನಡೆಯಬೇಕು, ಯಾವಾಗ ನಿಲ್ಲಬೇಕೆಂಬ ಏರ್ಪಾಡನ್ನು ತಿದ್ದಿದರು. ಖರ್ಚು ವರ್ಷಕ್ಕೆ 1,20,000 ಯೂನಿಟ್ಟಿನ ಆಸುಪಾಸಿಗೆ ಇಳಿಯಿತು. ಮಾಳಿಗೆಯ ಸೌರಫಲಕಗಳು ಅದರ ಸುಮಾರು ಅರ್ಧದಷ್ಟನ್ನು ಕೊಡುತ್ತಿದ್ದವು.

ಅಂದರೆ ಮಾಳಿಗೆಯಿಡೀ ಫಲಕ ಹಾಸಿದರೂ ಎರಡಂತಸ್ತಿನ ಕಟ್ಟಡಕ್ಕೆ ಸಾಲಲಿಲ್ಲ. 2006ರಲ್ಲಿ ಪಕ್ಕದ ಕಾರು ನಿಲ್ಲಿಸುವ ಜಾಗದ ಮೇಲೆ ಚಪ್ಪರ ಹಾಕಿ ಇನ್ನೊಂದು 100 ಕಿಲೋವಾಟಿನ ಫಲಕಗಳನ್ನು ಜೋಡಿಸಿದರು. ಆಗ ಬಳಸಿದ್ದಕ್ಕಿಂತ ಹೆಚ್ಚು ಉತ್ಪಾದಿಸಬಲ್ಲ ಸ್ಥಿತಿಗೆ ಬಂದಿತು. ಮಾಳಿಗೆಯಿಂದ ಆಗದ ಕೆಲಸ ಅಂಗಳದಿಂದ ಆದದ್ದನ್ನು ಕಟ್ಟಡದ ಹೆಸರಿಗೆ ಬರೆಯಬಹುದೆ? ಬರೆಯಬಹುದೆಂದು ಕೆಲವರು, ಕೂಡದೆಂದು ಕೆಲವರು. ಸಮೀಪದಲ್ಲಿ ಬಯಲಿಲ್ಲದ ನಗರದ ಕಾಲೇಜಿಗೆ ಇದು ಬರಿಯ ತರ್ಕದ ಪ್ರಶ್ನೆಯಾಗಿ ಉಳಿಯುವುದಿಲ್ಲವೆಂಬುದನ್ನು ನೀವೇ ಊಹಿಸಬಹುದು. ಜೊತೆಗೆ ಇನ್ನೊಂದು ತೊಡಕು: ಬೇಸಗೆಯ ಹಗಲಲ್ಲಿ ಕೊಟ್ಟದ್ದು, ಚಳಿಗಾಲದ ರಾತ್ರಿಯಲ್ಲಿ ಪಡೆದದ್ದು ವರ್ಷದ ಕೊನೆಗೆ ಕೂಡಿ ಕಳೆದು ಸೊನ್ನೆಯಾಗಬಹುದು. ಆದರೆ ಆ ರಾತ್ರಿ ಬೆಳಗಿದ ದೀಪ ಬೆಳಗಿದ್ದು ವಿದ್ಯುದಾಗಾರದಿಂದಲೇ.

ಅಂಕಿಗಳನ್ನು ಹೋಲಿಸಲು ಒಂದು ಸುಲಭ ಉಪಾಯವಿದೆ. ವರ್ಷದ ಯೂನಿಟ್ಟುಗಳನ್ನು ಕಟ್ಟಡದ ಚದರ ಅಡಿಗಳಿಂದ ಭಾಗಿಸಿ. ಲೂಯಿಸ್ ಕೇಂದ್ರಕ್ಕೆ ಸುಮಾರು 9 ಬರುತ್ತದೆ. ನಿಮ್ಮದು ಸಾವಿರ ಚದರ ಅಡಿಯ ಮನೆ, ತಿಂಗಳಿಗೆ 150 ಯೂನಿಟ್ಟಿನ ಖರ್ಚು ಎಂದಿಟ್ಟುಕೊಂಡರೆ 1.8. ಐದರಲ್ಲಿ ಒಂದು! ಹಿಗ್ಗುವ ಮುನ್ನ ನೆನಪಿಡಿ: ಅವರು ಹಿಮದ ಊರಿನಲ್ಲಿ ಇಡೀ ಕಟ್ಟಡವನ್ನು ಬೆಚ್ಚಗಿಡುತ್ತಾರೆ, ನಮಗೆ ಬೆಂಗಳೂರು, ಮೈಸೂರು, ಧಾರವಾಡದ ಹವೆಯೇ ಆ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ಕಾಲೇಜಿನ ಇನ್ನೊಂದು ಪ್ರಯೋಗ ನನಗೆ ಸೌರಫಲಕಗಳಿಗಿಂತಲೂ ಹಿಡಿಸಿತು. ಅದು ವಿದ್ಯಾರ್ಥಿನಿಲಯಗಳದು. 2005ರಲ್ಲಿ ಜಾನ್ ಪೀಟರ್ಸನ್ ಎಂಬ ಪ್ರಾಧ್ಯಾಪಕರೂ ಅವರ ಶಿಷ್ಯರೂ ಸೇರಿ ನಿಲಯಗಳ ನಡುವೆ ಎರಡು ವಾರಗಳ ಪಂದ್ಯ ಏರ್ಪಡಿಸಿದರು: ಯಾರು ಹೆಚ್ಚು ವಿದ್ಯುತ್ತನ್ನು ಉಳಿಸುತ್ತಾರೆ? ಹೆಚ್ಚಿನ ನಿಲಯಗಳಿಗೆ ವಾರಕ್ಕೊಮ್ಮೆ ಮೀಟರಿನ ಅಂಕಿ ತಿಳಿಸುತ್ತಿದ್ದರು. ಎರಡು ನಿಲಯಗಳಲ್ಲಿ ಮಾತ್ರ ಆ ಕ್ಷಣದ ಖರ್ಚು ಎಷ್ಟೆಂಬುದನ್ನು ಆ ಕ್ಷಣವೇ ತೆರೆಯ ಮೇಲೆ ಕಾಣುವಂತೆ ಮಾಡಿದರು. ಯಾರೋ ಇಸ್ತ್ರಿಪೆಟ್ಟಿಗೆ ಹಾಕಿದರೆ ಗೆರೆ ಮೇಲಕ್ಕೇಳುತ್ತದೆ, ತೆಗೆದರೆ ಇಳಿಯುತ್ತದೆ. ವಾರಕ್ಕೊಮ್ಮೆ ಸುದ್ದಿ ಕೇಳಿದವರು ಶೇಕಡಾ 31ರಷ್ಟು ಉಳಿಸಿದರು. ಕಣ್ಣೆದುರು ಗೆರೆ ಕಂಡವರು ಉಳಿಸಿದ್ದು ಶೇಕಡಾ 55! ಒಟ್ಟಿನಲ್ಲಿ 68,300 ಯೂನಿಟ್ಟು ಉಳಿಯಿತು. 1,48,000 ಪೌಂಡ್, ಅಂದರೆ ಸುಮಾರು 67,000 ಕಿಲೋಗ್ರಾಂ ಇಂಗಾಲಾಮ್ಲ ತಪ್ಪಿತೆಂದು ಅವರು ಲೆಕ್ಕ ಕೊಟ್ಟರು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ನೋಡಿ: ಯೂನಿಟ್ಟಿಗೆ ಹೆಚ್ಚುಕಡಮೆ ಒಂದು ಕಿಲೋಗ್ರಾಂ. ಮೇಲೆ ಹೇಳಿದ ಕಲ್ಲಿದ್ದಲಿನ ಗುರುತು ಇಲ್ಲಿಯೂ ಎದ್ದು ಕಾಣುತ್ತದೆ. ಪಂದ್ಯದ ಹುಮ್ಮಸ್ಸು ವರ್ಷವಿಡೀ ಉಳಿಯುವಂಥದ್ದಲ್ಲ, ನಿಜ. ಆದರೆ ಅದೇ ಗೋಡೆ, ಅದೇ ಮಾಳಿಗೆ, ಅದೇ ಹುಡುಗರು. ಬದಲಾದದ್ದು ಮೀಟರು ಇದ್ದ ಜಾಗ ಮಾತ್ರ. ಮೆಟ್ಟಿಲ ಕೆಳಗಿನ ಕತ್ತಲೆಯಿಂದ ಅದು ಊಟದ ಮನೆಯ ದಾರಿಗೆ ಬಂತು.

ಇದುವರೆಗೆ ಹೇಳಿದ್ದು ಕಟ್ಟಡ ಎದ್ದುನಿಂತ ಮೇಲಿನ ಲೆಕ್ಕ. ಮೊದಲ ದೀಪ ಹಚ್ಚುವುದಕ್ಕೆ ಮುಂಚೆಯೇ ಅದು ತಿಂದಿರುವ ಶಕ್ತಿಯೊಂದಿದೆ: ಇಟ್ಟಿಗೆ ಸುಟ್ಟದ್ದು, ಸಿಮೆಂಟು ಬೇಯಿಸಿದ್ದು, ಉಕ್ಕು ಕರಗಿಸಿದ್ದು. ಇದನ್ನು ನಮ್ಮಲ್ಲಿಯೇ ಶ್ರದ್ಧೆಯಿಂದ ಅಳೆದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ. ವಿ. ವೆಂಕಟರಾಮ ರೆಡ್ಡಿ ಮತ್ತು ಕೆ. ಎಸ್. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕವನ್ನು ನಮ್ಮ ಯೂನಿಟ್ಟಿನ ಭಾಷೆಗೆ ತಿರುಗಿಸಿದರೆ ಹೀಗಾಗುತ್ತದೆ. ಒಂದು ಕಿಲೋ ಸಿಮೆಂಟಿಗೆ ಸುಮಾರು 1.6 ಯೂನಿಟ್ಟಿನಷ್ಟು ಶಾಖ. ಒಂದು ಕಿಲೋ ಉಕ್ಕಿಗೆ ಸುಮಾರು 12. ಒಂದು ಕಿಲೋ ಅಲ್ಯೂಮಿನಿಯಮ್ಮಿಗೆ 66ರ ಸುಮಾರು. ಓಬರ್ಲಿನ್ನಿನ ಸೌದೆ ಕೊಟ್ಟಿಗೆಯ ತರುಣ ನೆನಪಾಗುತ್ತಾನಲ್ಲವೆ? ಅವನ ಲೋಹ ಹಗುರ, ಅದರ ಹಿಂದಿನ ಲೆಕ್ಕ ಬಹಳ ಭಾರ. ಹೊಸ ಕಟ್ಟಡಗಳಲ್ಲಿ ಥಳಥಳಿಸುವ ಅಲ್ಯೂಮಿನಿಯಂ ಚೌಕಟ್ಟಿನ ಕಿಟಕಿಗಳನ್ನು ಕಂಡಾಗಲೆಲ್ಲ ನನಗೆ ಈ ಅಂಕಿಯೇ ಕಣ್ಣಿಗೆ ಬೀಳುತ್ತದೆ.

ಅವರು ಇಡೀ ಕಟ್ಟಡಗಳನ್ನೂ ಹೋಲಿಸಿದರು. ಕಾಂಕ್ರೀಟಿನ ಕಂಬ ತೊಲೆಗಳ ಎಂಟಂತಸ್ತಿನ ಕಟ್ಟಡಕ್ಕೆ ಚದರ ಅಡಿಗೆ ಸುಮಾರು 109 ಯೂನಿಟ್ಟಿನ ಶಾಖ. ಇಟ್ಟಿಗೆಯ ಗೋಡೆಗಳೇ ಭಾರ ಹೊರುವ ಎರಡಂತಸ್ತಿನದಕ್ಕೆ 75. ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡಿದ, ಸುಡದ ಮಣ್ಣಿನ ಇಟ್ಟಿಗೆಗಳ ಎರಡಂತಸ್ತಿನದಕ್ಕೆ ಸುಮಾರು 42. ಈಗ ನಿಮ್ಮ 1.8ನ್ನು ನೆನಪಿಸಿಕೊಳ್ಳಿ. ಅದು ಪೂರ್ತಿ ಕಲ್ಲಿದ್ದಲಿನದೆಂದೇ ಹಿಡಿದು ಮೂರರಿಂದ ಗುಣಿಸಿದರೆ ವರ್ಷಕ್ಕೆ 5.4 ಯೂನಿಟ್ಟಿನ ಶಾಖ. ಎಂಟಂತಸ್ತಿನ ಕಟ್ಟಡದಲ್ಲಿ ನಿಮ್ಮ ಮನೆಯಿದ್ದರೆ, ಅದನ್ನು ಕಟ್ಟುವಾಗ ತೊಡಗಿಸಿದ ಶಕ್ತಿ ನೀವು ಅಲ್ಲಿ ಇಪ್ಪತ್ತು ವರ್ಷ ಬಾಳಿ ಬಳಸುವುದಕ್ಕೆ ಸಮ. ಓಬರ್ಲಿನ್ನಿನಂತೆ ಚದರ ಅಡಿಗೆ 9 ಯೂನಿಟ್ಟು ಬಳಸುವಲ್ಲಿ ಅಷ್ಟೇ ಶಕ್ತಿ ನಾಲ್ಕು ವರ್ಷಕ್ಕೆ ಖರ್ಚಾಗಿಹೋಗುತ್ತದೆ. ಹೀಗಾಗಿ ಅವರಿಗೆ ದೊಡ್ಡ ಚಿಂತೆ ಬಾಯ್ಲರು. ನಮ್ಮ ಹವೆಯಲ್ಲಿ ಚಿಂತಿಸಬೇಕಾದದ್ದು ಮೊದಲು ಗೋಡೆಯ ಬಗ್ಗೆ. ಹಸುರು ಕಟ್ಟಡವನ್ನು ಕಟ್ಟಬೇಕೆಂದು ಗಟ್ಟಿಯಾಗಿರುವ ಹಳೆಯದನ್ನು ಕೆಡವುವವರು ಈ ಭಾಗಾಕಾರವನ್ನು ಮಾಡಿ ನೋಡಿದ್ದಾರೆಯೆ ಎಂಬ ಅನುಮಾನ ನನಗಿದೆ. ಅವರಿಂದ ತಂದ ನಕ್ಷೆಯನ್ನು ಹಾಗೆಯೇ ಇಲ್ಲಿ ಹಚ್ಚಿದರೆ, ಚಳಿಗೆ ಹೊಲಿಸಿದ ಕೋಟನ್ನು ಕಲಬುರ್ಗಿಯ ಬೇಸಗೆಯಲ್ಲಿ ತೊಟ್ಟಂತಾದೀತು. ತೆಂಕಣ ದಿಕ್ಕಿನ ಗಾಜಿನ ಅಂಗಳ ಅವರಿಗೆ ವರ, ನಮಗೆ ಒಲೆ.

ನಿಮ್ಮ ಊರಿನ ಕಾಲೇಜಿನ ಲೆಕ್ಕ ತೆಗೆಯಬೇಕೆಂದರೆ ಹೆಚ್ಚಿನ ಸಾಮಗ್ರಿ ಬೇಕಾಗಿಲ್ಲ. ಹನ್ನೆರಡು ತಿಂಗಳ ವಿದ್ಯುತ್ತಿನ ಬಿಲ್ಲು, ಜನರೇಟರಿಗೆ ಕೊಂಡ ಡೀಸೆಲಿನ ರಸೀತಿ, ಹಾಸ್ಟೆಲಿನ ಅಡಿಗೆಗೆ ಬಂದ ಸಿಲಿಂಡರುಗಳ ಎಣಿಕೆ, ಕಟ್ಟಡದ ಚದರ ಅಡಿ, ಇಷ್ಟಿದ್ದರೆ ಸಾಕು. ಲೀಟರು ಡೀಸೆಲಿಗೆ ಸುಮಾರು 2.7 ಕಿಲೋಗ್ರಾಂ ಇಂಗಾಲಾಮ್ಲ, 19 ಕಿಲೋಗ್ರಾಮಿನ ಅನಿಲ ಸಿಲಿಂಡರಿಗೆ ಸುಮಾರು 57. ಪದವಿ ತರಗತಿಯ ಹುಡುಗ ಹುಡುಗಿಯರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುವ ಕೆಲಸ. ಆದರೆ ಒಮ್ಮೆ ನಾನು ಒಂದು ಕಾಲೇಜಿನಲ್ಲಿ ಹೀಗೆ ಕೇಳಿದಾಗ ಗುಮಾಸ್ತರು ಬಹಳ ಸೌಜನ್ಯದಿಂದ ಫೈಲು ತಂದಿಟ್ಟರು. ಬಿಲ್ಲುಗಳೆಲ್ಲ ಒಪ್ಪವಾಗಿ ಜೋಡಿಸಿದ್ದವು. ಕಷ್ಟವೆಂದರೆ ಗ್ರಂಥಾಲಯ, ಪ್ರಯೋಗಶಾಲೆ, ಹಾಸ್ಟೆಲು, ಬೀದಿದೀಪ, ನೀರಿನ ಪಂಪು ಎಲ್ಲಕ್ಕೂ ಸೇರಿ ಮೀಟರು ಒಂದೇ. "ಯಾವ ಕಟ್ಟಡಕ್ಕೆ ಎಷ್ಟು ಅಂತ ಇದುವರೆಗೆ ಯಾರೂ ಕೇಳಿಲ್ಲ ಸಾರ್" ಎಂದರು. ಓಬರ್ಲಿನ್ನಿನಲ್ಲಿ ಒಂದೇ ಕಟ್ಟಡಕ್ಕೆ ತನ್ನದೇ ಮೀಟರು ಇದ್ದುದರಿಂದಲೇ ಅಲ್ಲಿ ಜಗಳವೂ ಸಾಧ್ಯವಾಯಿತು, ದುರಸ್ತಿಯೂ ಸಾಧ್ಯವಾಯಿತು.

ಪ್ರತ್ಯೇಕ ಮೀಟರು ಇದ್ದಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ಬಹಳ ಸುಲಭ. ಭಾನುವಾರ ರಾತ್ರಿ ಹತ್ತು ಗಂಟೆಗೆ ಒಮ್ಮೆ, ಸೋಮವಾರ ಬೆಳಿಗ್ಗೆ ಐದಕ್ಕೆ ಒಮ್ಮೆ ಅಂಕಿ ಬರೆದುಕೊಳ್ಳಿ. ಕಟ್ಟಡದಲ್ಲಿ ನರಪಿಳ್ಳೆಯೂ ಇಲ್ಲದ ಆ ಏಳು ಗಂಟೆಗಳಲ್ಲಿ ಓಡಿದ ಯೂನಿಟ್ಟು ಯಾರಿಗೂ ಉಪಯೋಗವಾಗದ್ದು. ಆರಿಸದ ಗಣಕಯಂತ್ರ, ಖಾಲಿ ಕೊಠಡಿಯ ಗಾಳಿಯಂತ್ರ, ತುಂಬಿದ ತೊಟ್ಟಿಗೆ ನೀರೆತ್ತುವ ಪಂಪು, ಎಲ್ಲವೂ ಅದರಲ್ಲಿ ಸಿಕ್ಕಿಬೀಳುತ್ತವೆ.

ಇದನ್ನು ಮನೆಯಲ್ಲಿಯೂ ಇಂದೇ ರಾತ್ರಿ ಮಾಡಿ ನೋಡಬಹುದು. ಈಗಿನ ವಿದ್ಯುನ್ಮಾನ ಮೀಟರಿನ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆಂಬುದನ್ನು ಪಕ್ಕದಲ್ಲಿಯೇ ಮುದ್ರಿಸಿರುತ್ತಾರೆ. ಅದು 3200 ಎಂದಿಟ್ಟುಕೊಳ್ಳಿ. ಮಲಗುವ ಮುನ್ನ ಫ್ರಿಜ್ಜನ್ನು ಐದು ನಿಮಿಷ ನಿಲ್ಲಿಸಿ, ದೀಪ ಫ್ಯಾನುಗಳನ್ನೆಲ್ಲ ಆರಿಸಿ, ಗಡಿಯಾರ ಹಿಡಿದು ಮೀಟರಿನ ಮುಂದೆ ನಿಲ್ಲಿ. ದೀಪ ಹನ್ನೊಂದು ಸೆಕೆಂಡಿಗೊಮ್ಮೆ ಮಿನುಗಿದರೆ ಎಲ್ಲವನ್ನೂ ಆರಿಸಿದ ಮನೆಯಲ್ಲಿ 100 ವಾಟ್ ಇನ್ನೂ ಹರಿಯುತ್ತಿದೆ ಎಂದರ್ಥ. ತಿಂಗಳಿಗೆ ಅದು 72 ಯೂನಿಟ್ಟು.